ಹೈವೇ ಪ್ರಯಾಣದಲ್ಲಿ ನಾಯಿಯನ್ನು ಎಲ್ಲಿ ಇಳಿಸಿ ನಡೆಸುತ್ತೀರಿ?

ಹಿಂದಿನಸೀಟು:

ಮುಂದಿನ ತಿಂಗಳು ಕಾರಿನಲ್ಲಿ ಎರಡು ದಿನದ ದಾರಿ ಇದೆ. ನಮ್ಮ ನಾಯಿಯೂ ಜೊತೆಗೆ ಬರುತ್ತಾನೆ. ಲ್ಯಾಬ್ರಡಾರ್ ಮಿಶ್ರ ತಳಿ, ವಯಸ್ಸು ಮೂರು, ತೂಕ 28 ಕೆಜಿ. ಊರೊಳಗೆ ಕಾರಿನಲ್ಲಿ ಓಡಾಡಿ ಅಭ್ಯಾಸವಿದೆ. ಇಷ್ಟು ದೂರ ಇದೇ ಮೊದಲು.

ರಾತ್ರಿ ಎಲ್ಲಿ ಉಳಿಯಬೇಕು ಅನ್ನುವುದು ಗೊತ್ತಾಗಿದೆ. ನಾಯಿ ಬಿಡುವ ಹೋಟೆಲುಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ನಡುದಾರಿಯಲ್ಲಿ ಎಲ್ಲಿ ಇಳಿಸಿ ನಡೆಸಬೇಕು ಅನ್ನುವುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಇವನಿಗೆ ಹುಲ್ಲು ಕಂಡರೆ ಮಾತ್ರ ಕಾಲೆತ್ತಲು ಮನಸ್ಸು. ಲಾರಿ ಸದ್ದು ಕೇಳಿದರೆ ಬಾಲ ಒಳಗೆ. ಪೆಟ್ರೋಲ್ ಬಂಕಿನಲ್ಲಿ ಇಳಿಸಿದರೆ ಕಾರಿನ ಬಾಗಿಲಿಗೆ ಅಂಟಿಕೊಂಡು ನಿಲ್ಲುತ್ತಾನೆ. ಸುಸ್ಸೂ ಇಲ್ಲ, ಕಕ್ಕವೂ ಇಲ್ಲ.

ಎಷ್ಟು ಹೊತ್ತಿಗೊಮ್ಮೆ ನಿಲ್ಲಿಸಬೇಕು? ಜಾಗ ಹೇಗೆ ಹುಡುಕುತ್ತೀರಿ? ಅನುಭವ ಇದ್ದವರು ಸ್ವಲ್ಪ ಹೇಳಿ.

ಹಳೆಚಪ್ಪಲಿ:

ಎರಡು, ಎರಡೂವರೆ ಗಂಟೆಗೊಮ್ಮೆ ನಿಲ್ಲಿಸಿ. ಓಡಿಸುವವರಿಗೂ ಅಷ್ಟು ಬೇಕೇ ಬೇಕು. ಜಾಗಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಹೈವೇಯಲ್ಲಿ ವಾಹನ ನಿಲ್ಲಿಸುವ ಜಾಗಗಳಲ್ಲಿ ಎಲ್ಲೋ ಒಂದು ಹುಲ್ಲಿನ ಮೂಲೆ ಇದ್ದೇ ಇರುತ್ತದೆ.

ಮೂಗುಮುಂದೆ:

ಆ ಹುಲ್ಲಿನ ಮೂಲೆಯನ್ನು ಒಂದು ಸಲ ಬಗ್ಗಿ ನೋಡಿ. ಬಾಟಲಿ ಚೂರು, ಯಾರೋ ತಿಂದು ಎಸೆದ ಮೂಳೆ, ಇಂಜಿನ್ ಎಣ್ಣೆಯ ಕಲೆ. ದಾರಿಯಲ್ಲಿ ಹೋದ ನಾಯಿಗಳೆಲ್ಲ ಅಲ್ಲೇ ಕಾಲೆತ್ತಿವೆ. ಹತ್ತು ಹೆಜ್ಜೆ ಆಚೆ ಲಾರಿಗಳು ಇಂಜಿನ್ ಆರಿಸದೆ ನಿಂತಿರುತ್ತವೆ. ಹೆದರುವ ನಾಯಿ ಅಲ್ಲಿ ಏನು ಮಾಡೀತು? ಇನ್ನೊಂದು ಅಪಾಯವೂ ಇದೆ. ರೇಡಿಯೇಟರಿಗೆ ಹಾಕುವ ಕೂಲಂಟ್ ಸೋರಿ ನೆಲದ ಮೇಲೆ ನಿಂತಿದ್ದರೆ ನಾಯಿ ನೆಕ್ಕಬಹುದು. ಬಹಳಷ್ಟು ಕೂಲಂಟುಗಳಲ್ಲಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿ ಇರುತ್ತದೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಕಿಡ್ನಿ ಹೋಗುತ್ತದೆ.

ನಾನು ಮಾಡುವುದು ಇಷ್ಟು. ಹೈವೇ ಬಿಟ್ಟು ಒಂದೆರಡು ಕಿಲೋಮೀಟರ್ ಒಳಗೆ ಹೋಗುತ್ತೇನೆ. ಹೋಗಿ ಬರಲು ಐದಾರು ನಿಮಿಷ ಜಾಸ್ತಿ ಆಗುತ್ತದೆ, ಅಷ್ಟೇ. ಆದರೆ ಆ ಜಾಗವನ್ನು ಓಡಿಸುತ್ತಾ ಹುಡುಕಲು ಆಗುವುದಿಲ್ಲ. ಹಿಂದಿನ ರಾತ್ರಿಯೇ ಫೋನಿನ ಮ್ಯಾಪಿನಲ್ಲಿ ಉಪಗ್ರಹದ ಚಿತ್ರ ತೆಗೆದು ಗುರುತು ಹಾಕಿಟ್ಟುಕೊಳ್ಳಬೇಕು.

ಮೊದಲು ಹುಡುಕುವುದು ಹಳೆಯ ರಸ್ತೆಯನ್ನು. ಹೈವೇಯನ್ನು ನೇರ ಮಾಡುವಾಗ ಹಳೆಯ ತಿರುವುಗಳನ್ನು ಹಾಗೇ ಬಿಟ್ಟಿರುತ್ತಾರೆ. ಮ್ಯಾಪಿನಲ್ಲಿ ಹೊಸ ರಸ್ತೆಯ ಪಕ್ಕದಲ್ಲಿ ಬಿಲ್ಲಿನ ಹಾಗೆ ಬಾಗಿ ಮತ್ತೆ ಸೇರಿಕೊಳ್ಳುವ ತೆಳು ಗೆರೆ ಕಾಣುತ್ತದೆ. ಡಾಂಬರು ಕಿತ್ತು ಹೋಗಿರುತ್ತದೆ, ಎರಡೂ ಕಡೆ ಹುಲ್ಲು, ಓಡಾಟ ಕಡಿಮೆ, ಕಾರು ನಿಲ್ಲಿಸಲು ಬೇಕಾದಷ್ಟು ಜಾಗ. ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ಅದು ಇಲ್ಲದಿದ್ದರೆ ನೀರಿನ ಹತ್ತಿರ ಹೋಗಿ ಮುಗಿಯುವ ರಸ್ತೆ. ಕಾಲುವೆ ಪಕ್ಕದ ದಾರಿ, ಕೆರೆಯ ಏರಿ. ಅದೂ ಇಲ್ಲದಿದ್ದರೆ ಸೈಟು ಮಾಡಿ ರಸ್ತೆ ಹಾಕಿ ಇನ್ನೂ ಮನೆ ಏಳದ ಬಡಾವಣೆ. ನೋಡಲು ಚೆಂದ ಇರುವುದಿಲ್ಲ, ಆದರೆ ನಾಯಿಗೆ ಚೆಂದ ಕಟ್ಟಿಕೊಂಡು ಏನಾಗಬೇಕು? ಕಲ್ಲು ಕ್ವಾರಿ, ಕೋಳಿ ಫಾರಂ, ಕಸ ಸುರಿಯುವ ಜಾಗ ಇವುಗಳ ಹತ್ತಿರ ಬೇಡ. ಕ್ವಾರಿಗೆ ಟಿಪ್ಪರ್ ಬರುತ್ತಿರುತ್ತವೆ. ಉಳಿದೆರಡರಲ್ಲಿ ಬೇರೆ ನಾಯಿಗಳ ಗುಂಪು ಇರುತ್ತದೆ.

ಪ್ರತಿ ನಿಲುಗಡೆಗೂ ಎರಡು ಜಾಗ ಗುರುತು ಹಾಕಿ. ಒಂದಕ್ಕೆ ಗೇಟು ಹಾಕಿರುತ್ತಾರೆ, ಅಥವಾ ಅಲ್ಲಿ ಕುರಿ ಮೇಯುತ್ತಿರುತ್ತವೆ. ಇನ್ನೊಂದು ಕೈಹಿಡಿಯುತ್ತದೆ.

ತಲುಪಿದ ಮೇಲೆ ಇಂಜಿನ್ ಆರಿಸಿ, ಕಿಟಕಿ ಸ್ವಲ್ಪ ಇಳಿಸಿ, ಒಂದು ನಿಮಿಷ ಸುಮ್ನೆ ಕೂತು ಕೇಳಿ. ಬೊಗಳುವ ಸದ್ದು ಯಾವ ಕಡೆಯಿಂದ ಬರುತ್ತಿದೆ, ಗಾಡಿ ಎಷ್ಟು ಬರುತ್ತಿವೆ ಎಲ್ಲ ಗೊತ್ತಾಗುತ್ತದೆ. ಸರಿ ಕಾಣದಿದ್ದರೆ ಎರಡನೇ ಗುರುತಿಗೆ ಹೊರಡಿ. ಕಾರನ್ನು ಬಂದ ದಾರಿಯ ಕಡೆಗೆ ತಿರುಗಿಸಿಯೇ ನಿಲ್ಲಿಸಿ.

ಒಂಟಿಪಯಣ:

ಮೂಗುಮುಂದೆ ಅಣ್ಣ, ಹೇಳಿದ್ದೆಲ್ಲ ಚೆನ್ನಾಗಿದೆ. ಆದರೆ ನಾನೊಬ್ಬಳೇ ಓಡಿಸುವವಳು. ಜನ ಇಲ್ಲದ ಹಳೆಯ ರಸ್ತೆ, ಮನೆ ಇಲ್ಲದ ಬಡಾವಣೆ ನನಗೆ ಆಗುವುದಿಲ್ಲ. ಸದ್ದು ಇರಬಾರದು, ಆದರೆ ಕಣ್ಣಿಗೆ ನಾಲ್ಕು ಜನ ಕಾಣುತ್ತಿರಬೇಕು. ಸಣ್ಣ ಪೇಟೆಯ ಆಟದ ಮೈದಾನದ ಅಂಚು, ಗ್ರಂಥಾಲಯದ ಸುತ್ತಲಿನ ಬಯಲು, ಗಿಡ ಮಾರುವ ನರ್ಸರಿ ಇಂಥವನ್ನು ನೋಡುತ್ತೇನೆ. ನರ್ಸರಿಯವರನ್ನು ಒಂದು ಮಾತು ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಮಣ್ಣು, ನೆರಳು, ನೀರು ಮೂರೂ ಒಂದೇ ಕಡೆ ಸಿಗುತ್ತದೆ. ಗೊಬ್ಬರದ ಮೂಟೆ ಹತ್ತಿರ ಮಾತ್ರ ಬಿಡಬೇಡಿ. ಮೂಳೆ ಪುಡಿಯ ಗೊಬ್ಬರದ ವಾಸನೆಗೆ ನಾಯಿ ಚೀಲವನ್ನೇ ಹರಿಯುತ್ತದೆ.

ನಿಲ್ಲಿಸಿದ ಕೂಡಲೇ ಎಲ್ಲಿದ್ದೇನೆ ಅಂತ ಮನೆಯವರಿಗೆ ಲೊಕೇಶನ್ ಕಳಿಸುತ್ತೇನೆ. ಕಾರಿನ ಕೀ ಪ್ಯಾಂಟಿನ ಜೇಬಿನಲ್ಲಿ, ಬ್ಯಾಗಿನಲ್ಲಿ ಅಲ್ಲ.

ಮೂಗುಮುಂದೆ:

ಅಕ್ಕ, ಸರಿಯಾಗಿ ಹೇಳಿದಿರಿ. ಸದ್ದಿಲ್ಲದ ಜಾಗ ಬೇರೆ, ನಿರ್ಜನ ಜಾಗ ಬೇರೆ. ಮೇಲೆ ನಾನು ಎರಡನ್ನೂ ಒಂದೇ ಚೀಲಕ್ಕೆ ತುಂಬಿದೆ.

ಓಡುಕಾಲು:

ನಮ್ಮದು ಬೇಟೆ ನಾಯಿ ತಳಿ. ಮೊಲ ಕಂಡರೆ ನಾವ್ಯಾರೋ ಅವನ್ಯಾರೋ. ಹಾಗಾಗಿ ನಾನು ಬೇಲಿ ಹಾಕಿದ ನಾಯಿ ಅಂಗಳಗಳನ್ನೇ ಹುಡುಕಿಕೊಂಡು ಹೋಗುತ್ತೇನೆ. ಕೆಲವು ಕಡೆ ಹೈವೇ ನಿಲುಗಡೆಗಳಲ್ಲೇ ಇರುತ್ತವೆ. ಎರಡು ಗೇಟು ಇರುವ ಅಂಗಳವಾದರೆ ಒಳ್ಳೆಯದು. ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯಬೇಕು. ಬೇಲಿಯ ಬುಡವನ್ನು ಮೊದಲು ಒಂದು ಸುತ್ತು ನೋಡಿ ಬರುತ್ತೇನೆ. ಯಾವುದಾದರೂ ನಾಯಿ ಕೆರೆದು ಕಿಂಡಿ ಮಾಡಿಟ್ಟಿರುತ್ತದೆ.

ಜಾಗಕ್ಕಿಂತ ಜಾಸ್ತಿ ಗಮನ ಬೇಕಿರುವುದು ಬಾಗಿಲಿಗೆ. ದಾರಿಯಲ್ಲಿ ನಾಯಿ ತಪ್ಪಿಸಿಕೊಳ್ಳುವುದು ನಡೆಯುವಾಗ ಅಲ್ಲ, ಬಾಗಿಲು ತೆರೆದ ಆ ಎರಡು ಸೆಕೆಂಡಿನಲ್ಲಿ. ಡಿಕ್ಕಿ ಬಾಗಿಲು ಮೇಲೇಳುವ ಕಾರಿನಲ್ಲಂತೂ ಕೈ ಅಡ್ಡ ಹಿಡಿಯಲು ಏನೂ ಉಳಿಯುವುದಿಲ್ಲ. ನಮ್ಮ ಕ್ರಮ ಹೀಗೆ: ಒಬ್ಬರು ಒಳಗೇ ಕೂತು ಲೀಶ್ ಸಿಗಿಸಿ ಕೈಗೆ ಸುತ್ತಿಕೊಳ್ಳುತ್ತಾರೆ. ಆಮೇಲೆ ಇನ್ನೊಬ್ಬರು ಹೊರಗಿನಿಂದ ಬಾಗಿಲು ತೆರೆಯುತ್ತಾರೆ. ರಸ್ತೆ ಕಡೆಯ ಬಾಗಿಲನ್ನು ಮುಟ್ಟುವುದೇ ಇಲ್ಲ. ನಾಯಿ ನೆಗೆಯುವ ಮುಂಚೆ ಒಂದು ಕ್ಷಣ ನಿಲ್ಲಬೇಕು, ನಾನು 'ಬಾ' ಅಂದ ಮೇಲೆ ಮಾತ್ರ ಇಳಿಯಬೇಕು. ಇದನ್ನು ಮನೆ ಮುಂದೆ ನಿಲ್ಲಿಸಿದ ಕಾರಿನಲ್ಲೇ ಕಲಿಸಬಹುದು. ಒಂದು ತಿಂಗಳು ಬೇಕಾದಷ್ಟಾಯಿತು.

ಎದೆ ಬೆನ್ನು ಸುತ್ತಿ ಹಾಕುವ ಪಟ್ಟಿ, ಅಂದರೆ ಹಾರ್ನೆಸ್, ಸರಿಯಾಗಿ ಹಾಕದಿದ್ದರೆ ಹಿಂದಕ್ಕೆ ಜಗ್ಗಿ ಕಳಚಿಕೊಳ್ಳುತ್ತವೆ, ಹೆದರಿದ ನಾಯಿಗಳು ಮುಖ್ಯವಾಗಿ. ಅದಕ್ಕೆ ಹಾರ್ನೆಸ್ಸಿಗೆ ಒಂದು, ಕುತ್ತಿಗೆ ಬೆಲ್ಟಿಗೆ ಒಂದು, ಹೀಗೆ ಎರಡು ಕೊಕ್ಕೆ.

ಔಷಧಿಡಬ್ಬ:

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಬೇಲಿ ಅಂಗಳದ ಬಗ್ಗೆ ಒಂದು ಮಾತು. ಲಸಿಕೆ ಪೂರ್ತಿ ಆದ ದೊಡ್ಡ ನಾಯಿಗೆ ತೊಂದರೆ ಇಲ್ಲ. ಮರಿಗೆ ಮಾತ್ರ ಬೇಡವೇ ಬೇಡ. ಮರಿಗಳಿಗೆ ಮಾರಕ ವಾಂತಿ ಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಮರಿಗಳ ಲಸಿಕೆ ಸರಣಿ ಮುಗಿಯುವುದೇ 16 ವಾರದ ಹೊತ್ತಿಗೆ. ಅಲ್ಲಿಯವರೆಗೆ ಹಲವು ನಾಯಿಗಳು ಬಂದು ಹೋಗುವ ನೆಲಕ್ಕೆ ಮರಿಯ ಕಾಲು ತಾಗಿಸಬೇಡಿ. ಎತ್ತಿಕೊಂಡು ಹೋಗಿ ಯಾರೂ ಬಾರದ ಜಾಗದಲ್ಲಿ ಬಿಡಿ.

ಬಿಸಿಲಿನ ವಿಷಯ ಇನ್ನೂ ಯಾರೂ ಎತ್ತಲಿಲ್ಲ. ನಾಯಿಯ ಮೈಬಿಸಿ ಮಾಮೂಲಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೆ ಅಪಾಯ. ಅಂದರೆ ನಡುವೆ ಇರುವುದು ಎರಡು ಡಿಗ್ರಿ ಮಾತ್ರ. ನಮ್ಮ ಹಾಗೆ ಮೈಯೆಲ್ಲ ಬೆವರಿ ತಂಪಾಗಲು ಅವುಗಳಿಗೆ ಆಗುವುದಿಲ್ಲ. ಅಂಗಾಲಿನಲ್ಲಿ ಒಂದಿಷ್ಟು ಬೆವರು, ಉಳಿದದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಆಗಬೇಕು. ಪಗ್, ಬುಲ್‌ಡಾಗ್‌ನಂಥ ಮೂತಿ ಚಪ್ಪಟೆ ಇರುವ ನಾಯಿಗಳಿಗೆ ಅದೂ ಸರಿಯಾಗಿ ಆಗುವುದಿಲ್ಲ.

'ಐದು ನಿಮಿಷ ಒಳಗೆ ಹೋಗಿ ಬರುತ್ತೇನೆ, ಕಿಟಕಿ ಒಂದಿಂಚು ಇಳಿಸಿದ್ದೇನೆ' ಅನ್ನುವವರು ಬಹಳ. ನಿಲ್ಲಿಸಿದ ಕಾರಿನ ಒಳಗಿನ ಬಿಸಿಯನ್ನು ಅಳೆದ ಅಧ್ಯಯನ 2005ರಲ್ಲಿ ಪ್ರಕಟವಾಗಿದೆ. ಹೊರಗೆ 22 ಡಿಗ್ರಿ ಇದ್ದ ದಿನ ಒಂದು ಗಂಟೆಯಲ್ಲಿ ಒಳಗೆ 47 ಮುಟ್ಟಿತ್ತು. ಏರುವ ಬಿಸಿಯ 80 ಶೇಕಡಾ ಮೊದಲ ಅರ್ಧ ಗಂಟೆಯಲ್ಲೇ ಏರಿತ್ತು. ಕಿಟಕಿ ಸ್ವಲ್ಪ ಇಳಿಸಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. 22 ಡಿಗ್ರಿ ಅಂದರೆ ನಮಗೆ ಹಿತವಾದ ಹವೆ, ಅಲ್ವಾ? ಆದ್ದರಿಂದ ಒಬ್ಬರು ಶೌಚಾಲಯಕ್ಕೆ ಹೋದರೆ ಇನ್ನೊಬ್ಬರು ನಾಯಿಯ ಜೊತೆ ಹೊರಗೆ. ಒಬ್ಬರೇ ಇದ್ದರೆ ನಾಯಿಯನ್ನು ಜೊತೆಗೆ ಕರೆದುಕೊಂಡೇ ಹೋಗಿ.

ಡಾಂಬರಿನ ಮೇಲೆ ನಡೆಸುವ ಮುಂಚೆ ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಹಿಡಿಯಿರಿ. ಏಳು ಸೆಕೆಂಡು ಹಿಡಿಯಲು ಆಗದಿದ್ದರೆ ನಾಯಿಯ ಪಾದಕ್ಕೂ ಬೇಡ.

ಹಿಂದಿನಸೀಟು:

ಅಬ್ಬಾ, ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ಥ್ಯಾಂಕ್ಸ್. ಔಷಧಿಡಬ್ಬ ಅವರೇ, ಅಕಸ್ಮಾತ್ ಬಿಸಿಲು ತಾಗಿಯೇ ಬಿಟ್ಟರೆ ದಾರಿ ಮಧ್ಯೆ ಏನು ಮಾಡುವುದು?

ಔಷಧಿಡಬ್ಬ:

ಮೊದಲು ತಣ್ಣಗೆ ಮಾಡಿ, ಆಮೇಲೆ ಆಸ್ಪತ್ರೆಗೆ ಓಡಿ. ನೆರಳಿಗೆ ತನ್ನಿ, ಕೈಗೆ ಸಿಕ್ಕ ತಣ್ಣೀರನ್ನು ಮೈಮೇಲೆ ಸುರಿಯುತ್ತಾ ಇರಿ, ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಸ್ವಲ್ಪ ಹೊತ್ತಿಗೆ ಅದೇ ಬಿಸಿಯಾಗಿ ಮೈಬಿಸಿಯನ್ನು ಹಿಡಿದಿಡುತ್ತದೆ. ಪ್ರಜ್ಞೆ ಇದ್ದರೆ ಮಾತ್ರ ಕುಡಿಸಿ. ಹೊರಡುವಾಗ ಎಸಿ ಪೂರ್ತಿ ಇಡಿ. ಚೇತರಿಸಿಕೊಂಡ ಹಾಗೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು, ಒಳಗಿನ ಪೆಟ್ಟು ಮರುದಿನವೂ ಕಾಣಿಸಿಕೊಳ್ಳಬಹುದು. ಈ ಕಾರಣಕ್ಕೇ ಐದು ಲೀಟರಿನ ಒಂದು ಕ್ಯಾನ್ ನೀರು ಬರೀ ನಾಯಿಗೆ ಅಂತ ಡಿಕ್ಕಿಯಲ್ಲಿ ಇರಲಿ.

ಹಳೆಚಪ್ಪಲಿ:

ನನ್ನದು ಸಣ್ಣ ತಕರಾರು. ಒಳಗೆ ಹೋಗುವುದು, ಕೂತು ಕೇಳುವುದು, ಇಪ್ಪತ್ತು ನಿಮಿಷ ನಡೆಸುವುದು. ದಿನಕ್ಕೆ ನಾಲ್ಕು ಸಲ ಹೀಗೆ ಮಾಡಿದರೆ ಎರಡು ಗಂಟೆ ಅಲ್ಲೇ ಹೋಯಿತು. ಕತ್ತಲಾದ ಮೇಲೆ ಓಡಿಸುವ ಪರಿಸ್ಥಿತಿ ಬಂದರೆ ಅದು ನಾಯಿಗೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ. ನಾಯಿಗಳು ಕಾರಿನಲ್ಲಿ ಮಲಗುತ್ತವೆ ಮಾರಾಯರೇ. ಪ್ರತಿ ಸಲ ಮೆರವಣಿಗೆ ಬೇಕಾ?

ಮೂಗುಮುಂದೆ:

ಸಮಯದ ಲೆಕ್ಕ ಸರಿ ಇದೆ, ಒಪ್ಪಿದೆ. ಆದರೆ ನಾಯಿ ಮಲಗುವುದು ಯಾವಾಗ ಅನ್ನುವುದನ್ನು ಸ್ವಲ್ಪ ಗಮನಿಸಿ. ಬಂಕಿನಲ್ಲಿ ಎರಡು ನಿಮಿಷ ಇಳಿಸಿ ಹತ್ತಿಸಿದ ನಾಯಿ ಮುಂದಿನ ಅರ್ಧ ಗಂಟೆ ಕಿಟಕಿ, ಸೀಟು, ಕಿಟಕಿ ಅಂತ ಸುತ್ತುತ್ತಾ ಇರುತ್ತದೆ. ಆಕಳಿಸುತ್ತದೆ, ತುಟಿ ನೆಕ್ಕುತ್ತದೆ. ನಿದ್ದೆ ಬಂದು ಆಕಳಿಸುವುದಲ್ಲ ಅದು, ಕಸಿವಿಸಿ. ಒಂದು ಕಡೆ ಬಿಟ್ಟು ಮೂಸಲು ಕೊಟ್ಟ ನಾಯಿ ಹತ್ತಿದ ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುತ್ತದೆ.

ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಐವತ್ತು ಅರವತ್ತು ಲಕ್ಷ. ನಾಯಿಗೆ ತಳಿಯ ಮೇಲೆ 20 ಕೋಟಿಯಿಂದ 30 ಕೋಟಿವರೆಗೆ. ಅದಕ್ಕೆ ನಡಿಗೆ ಅಂದರೆ ಮೂಸುವುದು. ನಾವು ದೂರ ಕ್ರಮಿಸುವುದನ್ನು ನಡಿಗೆ ಅಂದುಕೊಂಡು ಎಳೆಯುತ್ತೇವೆ. ನನ್ನ ನಾಯಿ ಒಂದು ಸಲ ಮೈಲಿಗಲ್ಲಿನ ಬುಡದಲ್ಲೇ ನಿಂತುಬಿಟ್ಟಿದ್ದಳು. ಮೊದಲು ಕಲ್ಲಿನ ಮೇಲಂಚು, ಆಮೇಲೆ ಪಕ್ಕ, ಆಮೇಲೆ ಬುಡದ ಒಂದೇ ಒಂದು ಹುಲ್ಲಿನ ಎಸಳನ್ನು ಕೆಳಗಿನಿಂದ ತುದಿಯವರೆಗೆ. ಮೂಗಿನ ಹೊಳ್ಳೆ ಎರಡೂ ಬೇರೆ ಬೇರೆ ಆಡುತ್ತಿದ್ದವು. ಎಸಳನ್ನು ಬಿಟ್ಟು ಹಿಂದೆ ಸರಿದಳು, ಮತ್ತೆ ಅದಕ್ಕೇ ಬಂದಳು. ಕೊನೆಗೆ ಮೈ ಒಂದು ಸಲ ಕೊಡವಿ, ತಾನೇ ಕಾರಿನ ಕಡೆ ತಿರುಗಿದಳು. ಆ ಕೊಡವುವಿಕೆ ಬಂದರೆ ಸಾಕು, ಹೊರಡಬಹುದು ಅಂತ ನನ್ನ ಲೆಕ್ಕ. ಗಡಿಯಾರ ನೋಡುವುದೇ ಬೇಡ.

ನಾಲ್ಕು ಸಲವೂ ಹೀಗೇ ಮಾಡಿ ಅಂತ ಹೇಳುತ್ತಿಲ್ಲ. ದಿನಕ್ಕೆ ಎರಡು ಒಳ್ಳೆಯ ನಿಲುಗಡೆ ಸಾಕು. ಬೆಳಗ್ಗೆ ಒಂದು, ಸಂಜೆ ತಲುಪುವ ಮುಂಚೆ ಒಂದು. ನಡುವಿನವು ನಿಮ್ಮ ಹುಲ್ಲಿನ ಮೂಲೆಯಲ್ಲೇ ಆಗಲಿ.

ಹಳೆಚಪ್ಪಲಿ:

ಹಾಗಾದರೆ ಸರಿ. ಆದರೂ ಮಧ್ಯಾಹ್ನ ನಾನು ನಿಲ್ಲಿಸುವುದು ನನಗೆ ಊಟ ಸಿಗುವ ಕಡೆಯೇ.

ಒಂಟಿಪಯಣ:

ಮೂಸಲು ಬಿಡುವಾಗ ಬಟನ್ ಒತ್ತಿದರೆ ಉದ್ದ ಆಗುವ ಲೀಶ್ ಬೇಡ. ದಾರ ತೆಳು, ಹಿಡಿ ಕೈಜಾರಿದರೆ ಪ್ಲಾಸ್ಟಿಕ್ ಡಬ್ಬ ಸದ್ದು ಮಾಡುತ್ತಾ ನಾಯಿಯ ಹಿಂದೆಯೇ ಬರುತ್ತದೆ. ನಾಯಿ ಅದಕ್ಕೆ ಹೆದರಿ ಇನ್ನೂ ಓಡುತ್ತದೆ. ಐದರಿಂದ ಹತ್ತು ಮೀಟರಿನ ಮಾಮೂಲಿ ಪಟ್ಟಿ ತೆಗೆದುಕೊಳ್ಳಿ. ಅದನ್ನು ಹಾರ್ನೆಸ್ಸಿನ ಬೆನ್ನಿನ ಬಳೆಗೆ ಮಾತ್ರ ಹಾಕಿ. ಕುತ್ತಿಗೆಗೆ ಹಾಕಿದರೆ ಓಡಿ ತುದಿ ಮುಟ್ಟಿದಾಗ ಪೆಟ್ಟೆಲ್ಲ ಗಂಟಲಿಗೆ ಬೀಳುತ್ತದೆ.

ಗದ್ದೆಬದು:

ರಸ್ತೆ ಪಕ್ಕದಲ್ಲಿ ಜಮೀನು ಇರುವವನು ನಾನು. ನಾಯಿಯೂ ಇದೆ, ಹಸುವೂ ಇದೆ. ನಿಮ್ಮ ಮ್ಯಾಪಿನಲ್ಲಿ ಹಸಿರು ಚುಕ್ಕೆ ಅಂತ ಕಾಣುವುದು ಎಷ್ಟೋ ಸಲ ನಮ್ಮ ಹೊಲ ಸ್ವಾಮಿ. ಕೇಳಿ ಬಂದವರನ್ನು ನಾನು ಬೇಡ ಅಂದಿಲ್ಲ. ಕೇಳದೆ ಬಂದು, ಗೇಟು ತೆರೆದಿಟ್ಟು, ಕಕ್ಕ ಮಾಡಿಸಿ ಹೋಗುತ್ತಾರಲ್ಲ, ಅವರ ಮೇಲೆ ಸಿಟ್ಟು.

ಬರೀ ಗಲೀಜು ಅಂತ ಸಿಟ್ಟಲ್ಲ. ನಿಯೋಸ್ಪೋರಾ ಅನ್ನುವ ಒಂದು ಪರಾವಲಂಬಿ ಇದೆ. ನಾಯಿಯ ಕಕ್ಕದಲ್ಲಿ ಅದರ ಮೊಟ್ಟೆಯಂಥ ಕಣಗಳು ಬೀಳುತ್ತವೆ, ಅದು ಹುಲ್ಲಿಗೆ ಸೇರಿ ಹಸುವಿನ ಹೊಟ್ಟೆಗೆ ಹೋದರೆ ಗಬ್ಬದ ಹಸು ಕಂದು ಹಾಕುತ್ತದೆ. ನಾಯಿ ನೋಡಲು ಗಟ್ಟಿಮುಟ್ಟಾಗೇ ಇರುತ್ತದೆ. ಹೊಲದ ಅಂಚು ಅಂತ ಬಿಟ್ಟು ಹೋಗಬೇಡಿ. ಚೀಲಕ್ಕೆ ತುಂಬಿ, ಗಂಟು ಹಾಕಿ, ಜೊತೆಗೇ ಒಯ್ಯಿರಿ. ಗಂಟು ಹಾಕಿ ಬೇಲಿಗೆ ನೇತುಹಾಕಿ ಹೋಗುವವರೂ ಇದ್ದಾರೆ, ಅವರಿಗೆ ಏನು ಹೇಳಬೇಕೋ ಗೊತ್ತಿಲ್ಲ.

ಇನ್ನೊಂದು ನಿಮ್ಮ ಒಳ್ಳೆಯದಕ್ಕೆ. ಬೆಳೆಗೆ ಔಷಧ ಹೊಡೆದ ದಿನ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಾಯಿ ಹುಲ್ಲು ನೆಕ್ಕುತ್ತದೆ, ಆಮೇಲೆ ಪಾದ ನೆಕ್ಕುತ್ತದೆ. ಅದಕ್ಕೇ ಕೇಳಿ ಬನ್ನಿ ಅನ್ನುವುದು. ಕರು ಹಾಕಿದ ಹಸು ಇರುವ ಕಡೆಗಂತೂ ನಾಯಿ ತರಲೇಬೇಡಿ. ಅದು ನಾಯಿಯನ್ನು ಅಟ್ಟಿಸಿಕೊಂಡು ಬರುತ್ತದೆ, ನಾಯಿ ನಿಮ್ಮ ಹಿಂದೆ ಬಂದು ಅಡಗುತ್ತದೆ.

ಹಿಂದಿನಸೀಟು:

ಗದ್ದೆಬದು ಸರ್, ಈ ಕಡೆಯಿಂದ ಯೋಚನೆ ಮಾಡಿರಲೇ ಇಲ್ಲ. ಚೀಲ ಕಾರಿನಲ್ಲೇ ಒಯ್ದರೆ ವಾಸನೆ ಬರುತ್ತದಲ್ಲ, ಏನು ಮಾಡುತ್ತೀರಿ ಯಾರಾದರೂ? ಮತ್ತೆ ನಮ್ಮ ದಾರಿ ಅರ್ಧ ದಿನ ಸಂರಕ್ಷಿತ ಕಾಡಿನ ಪಕ್ಕದಲ್ಲಿ ಹೋಗುತ್ತದೆ. ಅಲ್ಲಿ ಇಳಿಸಬಹುದಾ?

ಓಡುಕಾಲು:

ಬಿಗಿ ಮುಚ್ಚಳದ ಹಳೆಯ ಡಬ್ಬ ಒಂದು ಡಿಕ್ಕಿಯಲ್ಲಿ. ತಳದಲ್ಲಿ ಸ್ವಲ್ಪ ಅಡುಗೆ ಸೋಡಾ. ಮುಂದಿನ ಕಸದ ತೊಟ್ಟಿ ಬರುವವರೆಗೆ ಸುದ್ದಿಯೇ ಇಲ್ಲ.

ಮೂಗುಮುಂದೆ:

ಕಾಡಿನೊಳಗೆ ಬೇಡ. ಬಹಳಷ್ಟು ಸಂರಕ್ಷಿತ ಕಾಡುಗಳಲ್ಲಿ ನಾಯಿಗೆ ಪ್ರವೇಶವೇ ಇಲ್ಲ, ಇದ್ದರೂ ಇಂತಿಷ್ಟೇ ಜಾಗ ಅಂತ ಇರುತ್ತದೆ. ನಾಯಿ ಒಂದೇ ಒಂದು ಸಲ ಬೊಗಳಿದರೂ ಸುತ್ತಲಿನ ಪ್ರಾಣಿಗಳಿಗೆ ಅದು ಬೇಟೆಗಾರ ಬಂದ ಸುದ್ದಿ. ರೋಗದ ವಿಷಯವೂ ಇದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ಅನ್ನುವ ವೈರಸ್ ರೋಗ ಸಿಂಹಗಳಿಗೆ ತಗುಲಿ, ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಪಾಲು ಸತ್ತವು. ಸುತ್ತಲಿನ ಹಳ್ಳಿ ನಾಯಿಗಳಿಂದ ಬಂದಿರಬೇಕು ಅಂತ ಸಂಶೋಧಕರ ಅಂದಾಜು.

ಅರ್ಧ ದಿನ ಕಾಡು ಅಂದರೆ, ಕಾಡು ಶುರುವಾಗುವ ಮುಂಚಿನ ಕೊನೆಯ ಊರಿನಲ್ಲಿ ಒಂದು ಒಳ್ಳೆಯ ನಿಲುಗಡೆ ಹಾಕಿ. ದಾಟಿದ ಮೇಲೆ ಸಿಗುವ ಮೊದಲ ಊರಿನಲ್ಲಿ ಇನ್ನೊಂದು. ನಡುವೆ ತೀರಾ ಅವಸರ ಬಂದರೆ ಅರಣ್ಯ ತಪಾಸಣಾ ಠಾಣೆಯವರನ್ನೇ ಕೇಳಿ.

ಬಿಳಿಮೀಸೆ:

ವಯಸ್ಸಾದ ನಾಯಿಯ ಕಡೆಯಿಂದ ನಾಲ್ಕು ಮಾತು. ನಮ್ಮವಳಿಗೆ ಕೀಲು ನೋವು. ಅವಳಿಗೆ ಉದ್ದ ನಡಿಗೆಗಿಂತ ಪದೇ ಪದೇ ನಿಲ್ಲಿಸುವುದು ಮುಖ್ಯ. ಒಂದೂವರೆ ಗಂಟೆಗೊಮ್ಮೆ ಐದೇ ನಿಮಿಷ, ಮಟ್ಟಸ ನೆಲದ ಮೇಲೆ. ಕಲ್ಲು ಜಲ್ಲಿ, ಇಳಿಜಾರು ನಮಗೆ ಬೇಡ. ಕಾರಿನಿಂದ ನೆಗೆಯಲು ಬಿಡುವುದಿಲ್ಲ. ಹತ್ತುವುದಕ್ಕಿಂತ ಇಳಿಯುವಾಗಲೇ ಮುಂಗಾಲಿಗೆ ಪೆಟ್ಟು ಜಾಸ್ತಿ. ಮಡಚುವ ಇಳಿಜಾರು ಹಲಗೆ ಸಿಗುತ್ತದೆ. ಮೊದಮೊದಲು ಅದರ ಮೇಲೆ ಕಾಲಿಡಲು ಹೆದರಿದಳು, ಮನೆಯಲ್ಲಿ ನೆಲದ ಮೇಲೆ ಹಾಸಿ ಅದರ ಮೇಲೇ ಊಟ ಇಟ್ಟು ಅಭ್ಯಾಸ ಮಾಡಿಸಿದೆವು.

ನೀರು ಒಂದೇ ಸಲ ಬಟ್ಟಲು ತುಂಬ ಇಡಬೇಡಿ. ನಿಲ್ಲಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ.

ಹಿಂದಿನಸೀಟು:

ಒಂದು ಮರೆತಿದ್ದೆ. ಇವನು ಹಿಂದಿನ ಸೀಟಿನಲ್ಲಿ ಹಾಗೇ ಕೂರುತ್ತಾನೆ, ಏನೂ ಕಟ್ಟುವುದಿಲ್ಲ. ಶಾಂತ ಸ್ವಭಾವ. ಸಾಕಲ್ವಾ?

ಓಡುಕಾಲು:

ಸಾಲದು. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುತ್ತಿರುವಾಗ ಕಾರು ಗುದ್ದಿ ನಿಂತರೆ, ಕಟ್ಟದ ನಾಯಿ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಆ ವೇಗ ಅಂದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ಹಾಗೆ. 28 ಕೆಜಿ ನಿಮ್ಮ ಕುತ್ತಿಗೆಯ ಹಿಂದಿನಿಂದ ಬರುತ್ತದೆ. ಸ್ವಭಾವ ಶಾಂತವಾದರೇನು, ಉಗ್ರವಾದರೇನು? ಅಪಘಾತದ ಪರೀಕ್ಷೆ ಆದ ಹಾರ್ನೆಸ್, ಇಲ್ಲವೇ ಕಟ್ಟಿ ಭದ್ರ ಮಾಡಿದ ನಾಯಿ ಪಂಜರ (ಕ್ರೇಟ್). ನಡೆಸುವ ಹಾರ್ನೆಸ್ ಬೇರೆ, ಕಾರಿನ ಹಾರ್ನೆಸ್ ಬೇರೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟು ಬೇಡ. ಕಿಟಕಿಯಿಂದ ತಲೆ ಹೊರಗೆ ಹಾಕಿಸುವುದೂ ಬೇಡ, ಫೋಟೋ ಚೆನ್ನಾಗಿ ಬರುತ್ತದೆ, ಕಣ್ಣಿಗೆ ಕಲ್ಲು ಧೂಳು ಬಡಿಯುತ್ತದೆ.

ಅಪಘಾತ ಆದರೆ ಕಟ್ಟದ ನಾಯಿ ಒಡೆದ ಗಾಜಿನಿಂದ ಹಾರಿ ಹೈವೇಗೆ ಓಡುತ್ತದೆ ಅನ್ನುವುದೂ ನೆನಪಿರಲಿ.

ಒಂಟಿಪಯಣ:

ತಪ್ಪಿಸಿಕೊಂಡರೆ ಅಂತ ಒಂದು ಸೇರಿಸುತ್ತೇನೆ. ಬೆನ್ನಟ್ಟಬೇಡಿ. ಹೆದರಿದ ನಾಯಿಗೆ ಒಡೆಯನ ಕೂಗೂ ಬೆದರಿಕೆಯೇ. ಬಾಗಿಲು ತೆರೆದಿಟ್ಟು ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತುಬಿಡಿ. ಕಾಣದಷ್ಟು ದೂರ ಹೋಗಿದ್ದರೆ ನೀವು ತೊಟ್ಟ ಬಟ್ಟೆ, ಅದರ ಹಾಸಿಗೆ ಅಲ್ಲೇ ಬಿಟ್ಟು ಹೋಗಿ. ಬಹಳ ಸಲ ಕಳೆದ ಜಾಗಕ್ಕೇ ವಾಪಸ್ ಬರುತ್ತವೆ. ಬೆಲ್ಟಿನ ಮೇಲೆ ಫೋನ್ ನಂಬರ್ ಬರೆಸಿ. ಮೈಕ್ರೋಚಿಪ್ ಇದ್ದರೆ ಒಳ್ಳೆಯದೇ, ಆದರೆ ಅದು ಜಾಗ ತೋರಿಸುವ ಯಂತ್ರ ಅಲ್ಲ. ಅದರಲ್ಲಿರುವುದು 15 ಅಂಕಿಯ ಒಂದು ಸಂಖ್ಯೆ ಮಾತ್ರ, ಸ್ಕ್ಯಾನರ್ ಹತ್ತಿರ ಹಿಡಿದವರಿಗೆ ಕಾಣುತ್ತದೆ. ಆ ಸಂಖ್ಯೆಗೆ ನಿಮ್ಮ ಈಗಿನ ಫೋನ್ ನಂಬರ್ ಸೇರಿದೆಯಾ ಅಂತ ಹೊರಡುವ ಮುಂಚೆ ನೋಡಿಕೊಳ್ಳಿ.

ಔಷಧಿಡಬ್ಬ:

ಹತ್ತಿಸುವ ಮುಂಚೆ ಅರ್ಧ ನಿಮಿಷ ಮೈ ಸವರಿ. ಕಿವಿಯ ಒಳಗೆ, ಕಂಕುಳು, ಬೆರಳ ಸಂದು, ಬಾಲದ ಬುಡ. ಉಣ್ಣಿ ಇದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಎಣ್ಣೆ ಹಚ್ಚುವುದು, ಸುಡುವುದು ಎಲ್ಲ ಬೇಡ. ಒಣ ಹುಲ್ಲಿನ ಮುಳ್ಳು ಬೆರಳ ಸಂದಿನಲ್ಲಿ ಸಿಕ್ಕಿಕೊಂಡರೆ ಹಿಂದಕ್ಕೆ ಬರುವುದಿಲ್ಲ, ಒಳಗೇ ನುಸುಳಿಕೊಂಡು ಹೋಗುತ್ತದೆ. ಆಮೇಲೆ ಕೀವು ಕಟ್ಟಿ ನಮ್ಮ ಹತ್ತಿರ ಬರುತ್ತೀರಿ.

ಕೆರೆಯ ಏರಿ ಅಂತ ಮೇಲೆ ಹೇಳಿದರಲ್ಲ, ನಡೆಯಲು ಒಳ್ಳೆಯದು, ನೀರು ಕುಡಿಸಲು ಅಲ್ಲ. ನಿಂತ ನೀರಿನ ಮೇಲೆ ಹಸಿರು ಪೇಂಟು ಚೆಲ್ಲಿದ ಹಾಗೆ ಪಾಚಿ ಕಟ್ಟಿದ್ದರೆ ಇಳಿಯಲೂ ಬಿಡಬೇಡಿ. ನೀಲಿ ಹಸಿರು ಪಾಚಿಯ ಕೆಲವು ಬಗೆಗಳ ವಿಷ ಗಂಟೆಗಳಲ್ಲೇ ನಾಯಿಯನ್ನು ಕೊಲ್ಲುತ್ತದೆ. ಇಲಿ ಜ್ವರ ಅನ್ನುವ ಲೆಪ್ಟೋಸ್ಪೈರೋಸಿಸ್ ಕೂಡ ನಿಂತ ನೀರಿನಿಂದ ಬರಬಹುದು.

ಊಟ ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಮುಗಿದಿರಲಿ. ವಾಂತಿ ಮಾಡುವ ನಾಯಿ ಆದರೆ ಪ್ರಯಾಣದ ವಾಂತಿಗೆ ಮರೋಪಿಟಂಟ್ ಅಂತ ಮಾತ್ರೆ ಇದೆ, ನಿಮ್ಮ ವೈದ್ಯರನ್ನು ಕೇಳಿ. ಮನುಷ್ಯರ ಮಾತ್ರೆಯನ್ನು ಅರ್ಧ ಮುರಿದು ಕೊಡಬೇಡಿ.

ಹಿಂದಿನಸೀಟು:

ಈಗಷ್ಟೇ ಮ್ಯಾಪ್ ಹಿಡಿದು ಕೂತಿದ್ದೆ. ಮೊದಲ ದಿನಕ್ಕೆ ಎರಡು ಹಳೆಯ ತಿರುವು ಸಿಕ್ಕವು! ಒಂದರ ಪಕ್ಕ ಹುಣಸೆ ಮರದ ಸಾಲೂ ಕಾಣುತ್ತಿದೆ. ಕಾಡಿನ ಮುಂಚಿನ ಊರಿನಲ್ಲಿ ಮೈದಾನ ಗುರುತು ಹಾಕಿದ್ದೇನೆ. ಮಧ್ಯಾಹ್ನದ್ದು ಹಳೆಚಪ್ಪಲಿಯವರ ಸೂತ್ರ, ಊಟ ಸಿಗುವ ಕಡೆ. ಕಾರಿನ ಹಾರ್ನೆಸ್ ನಾಳೆ ತರುತ್ತೇನೆ. ಮನೆ ಮುಂದೆ ಬಾಗಿಲಿನ ಪಾಠ ಇವತ್ತೇ ಶುರು ಮಾಡಿದೆ. ಬಿಸ್ಕತ್ತು ಖಾಲಿ ಆಯಿತು, ಪಾಠ ಅರ್ಧ ಆಗಿದೆ.

ಕೊನೆಯದಾಗಿ, ತಲುಪುವುದು ತಡವಾಗಿ ಕತ್ತಲಾದರೆ?

ಓಡುಕಾಲು:

ಕತ್ತಲಲ್ಲಿ ಗುರುತಿಲ್ಲದ ಜಾಗಕ್ಕೆ ಹೋಗಬೇಡಿ. ದೀಪ ಇರುವ ಬಂಕಿನ ಅಂಚೇ ಸಾಕು, ಗಿಡ್ಡ ಲೀಶ್, ಬೇಗ ಮುಗಿಸಿ. ಸಂಜೆಯ ಒಳ್ಳೆಯ ನಡಿಗೆಯನ್ನು ಸೂರ್ಯ ಮುಳುಗುವ ಮುಂಚೆಯೇ ಮುಗಿಸಿಕೊಳ್ಳಿ. ಬೆಲ್ಟಿಗೆ ಸಿಗಿಸುವ ಸಣ್ಣ ಮಿನುಗು ದೀಪ ಸಿಗುತ್ತದೆ, ಒಂದು ಇರಲಿ. ಟಾರ್ಚ್ ಡಿಕ್ಕಿಯಲ್ಲಿ ಇಡಬೇಡಿ, ಬಾಗಿಲಿನ ಜೇಬಿನಲ್ಲಿ ಇಡಿ.

ಗದ್ದೆಬದು:

ಹುಣಸೆ ಮರ ಅಂದಿರಲ್ಲ, ಸಾಲಾಗಿದ್ದರೆ ಅದರ ಪಕ್ಕ ಹಳೆಯ ಹೊಲ ಇದ್ದೇ ಇರುತ್ತದೆ. ಯಾರಾದರೂ ಕಂಡರೆ ಒಂದು ಮಾತು ಕೇಳಿ ಇಳಿಸಿ.